ಪ್ಲೂರಾ: ಶ್ವಾಸಕೋಶಾವರಣವೋ, ಪಕ್ಕೆಪೊರೆಯೋ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ದೊಡ್ಡಪ್ಪನಿಗೆ ಎದೆಯಲ್ಲಿ ನೀರು ತುಂಬಿತ್ತು. ಸೂಜಿ ಹಾಕಿ ತೆಗೆಯಬೇಕು ಎಂದರು. ಸಹಿಗೆಂದು ಕೊಟ್ಟ ಕನ್ನಡ ಒಪ್ಪಿಗೆಪತ್ರದಲ್ಲಿ ‘ಶ್ವಾಸಕೋಶದಿಂದ ನೀರು ಹೊರತೆಗೆಯುವಿಕೆ’ ಎಂದಿತ್ತು. ಕನ್ನಡಕ ಏರಿಸಿ ಎರಡು ಸಲ ಓದಿದ ದೊಡ್ಡಪ್ಪ ಪೆನ್ನು ಕೆಳಗಿಟ್ಟರು. “ಶ್ವಾಸಕೋಶಕ್ಕೇ ಚುಚ್ಚಿದ್ರೆ ಗಾಳಿ ಸೋರಿ ಹೋಗಲ್ವೇನೋ?”

ಭಯ ನ್ಯಾಯವಾದದ್ದೇ. ಎಡವಟ್ಟಾಗಿದ್ದು ಪತ್ರ ಬರೆದವರಿಗೆ. ನೀರು ನಿಂತಿದ್ದು ಶ್ವಾಸಕೋಶದ ಹೊರಗೆ, ಪ್ಲೂರಾ ಎಂಬ ತೆಳುಪೊರೆಯ ಎರಡು ಪದರಗಳ ಸಂದಿನಲ್ಲಿ. ಶ್ವಾಸಕೋಶದೊಳಗೆ ನೀರಾಗುವುದು ಬೇರೆ ತೊಂದರೆ. ಆಗ ನೀರು ಗಾಳಿಗೂಡುಗಳಿಗೇ ಇಳಿದಿರುತ್ತದೆ, ಸೂಜಿಗೆ ಸಿಗುವಂಥದ್ದಲ್ಲ. ನಮ್ಮ ಮಾತಿನಲ್ಲಿ ಎರಡಕ್ಕೂ ‘ಎದೆಯಲ್ಲಿ ನೀರು’ ಅಂದುಬಿಡುತ್ತೇವೆ.

ಹಾಗಾದರೆ ಆ ಪೊರೆಗೆ ಕನ್ನಡದಲ್ಲಿ ಏನನ್ನೋಣ? ಹೃದಯಾವರಣದ ಜಾಡಿನಲ್ಲೇ ‘ಶ್ವಾಸಕೋಶಾವರಣ’, ‘ಪುಪ್ಪುಸಾವರಣ’ (ಪುಪ್ಪುಸ, ಫುಪ್ಫುಸ ಎಂದರೂ ಶ್ವಾಸಕೋಶವೇ) ಎನ್ನುವವರಿದ್ದಾರೆ. ನನಗೆ ‘ಆವರಣ’ ಎಂದರೆ ಮೊದಲು ಕಾಣುವುದು ಶಾಲೆಯ ಆವರಣ, ಕಚೇರಿಯ ಆವರಣ. ‘ಶ್ವಾಸಕೋಶಾವರಣದಲ್ಲಿ ನೀರು ನಿಂತಿದೆ’ ಎಂದು ಓದಿದರೆ ಮಳೆಗಾಲದ ಕಾಂಪೌಂಡೇ ಕಣ್ಣಮುಂದೆ ಬರುತ್ತದೆ! ‘ಕೋಶ’ದ ಕಥೆಯೂ ಅಷ್ಟೇ. ಶ್ವಾಸಕೋಶ, ಅದರೊಳಗೆ ವಾಯುಕೋಶ, ಅದರ ಗೋಡೆಯಲ್ಲಿ ಜೀವಕೋಶ. ಇದನ್ನೆಲ್ಲ ಹುಡುಕಲು ಪದಕೋಶ. ಒಳ್ಳೆಯ ಪದವೂ ಸಿಗದೇ ಇಲ್ಲ: ಬಲ ಶ್ವಾಸಕೋಶದ ಮೂರು, ಎಡದ ಎರಡು ಭಾಗಗಳಿಗೆ ‘ಹಾಲೆ’ ಎನ್ನುತ್ತೇವಲ್ಲ, ಕಿವಿಯ ಹಾಲೆ ಗೊತ್ತಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಪದ ಕಟ್ಟುವ ಮೊದಲು ಪೊರೆ ಹೇಗಿದೆ ಎಂದು ನೋಡಬೇಕು. ಗಾಳಿ ಅರೆಬರೆ ತುಂಬಿದ ಬಲೂನಿಗೆ ಮುಷ್ಟಿ ಒತ್ತಿ ನೋಡಿ. ಮುಷ್ಟಿಗೆ ಅಂಟಿದ ಪದರ ಒಂದು, ಅದರ ಸುತ್ತ ಇನ್ನೊಂದು, ಮಣಿಕಟ್ಟಿನ ಹತ್ತಿರ ಎರಡೂ ಒಂದೇ. ಮುಷ್ಟಿಯ ಜಾಗದಲ್ಲಿ ಶ್ವಾಸಕೋಶ ಇದೆ ಎಂದುಕೊಳ್ಳಿ. ಮಣಿಕಟ್ಟು ಎಂದರೆ ಶ್ವಾಸನಾಳದ ಕವಲೂ ರಕ್ತನಾಳಗಳೂ ಒಳಹೋಗುವ ಜಾಗ. ಒಂದು ಪದರ ಹಾಲೆಗಳ ಸೀಳಿನೊಳಕ್ಕೂ ಇಳಿದು ಶ್ವಾಸಕೋಶಕ್ಕೆ ಮೆತ್ತಿಕೊಂಡಿದೆ. ಇನ್ನೊಂದು ಎದೆಗೋಡೆ ಮತ್ತು ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯ) ಮೈಗೆ ಅಂಟಿದೆ. ನಡುವೆ ಇರುವುದು ಕೆಲವೇ ಚಮಚ ದ್ರವ. ತೊಳೆದ ಎರಡು ಬಾಳೆಲೆ ಒಂದರ ಮೇಲೊಂದು ಕೂತರೆ ಜಾರುತ್ತವೆ, ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಎದೆ ಹಿಗ್ಗಿದಾಗ ಶ್ವಾಸಕೋಶವೂ ಹಿಗ್ಗುವುದು ಈ ಅಂಟಿನಿಂದ. ಎಡಬಲದ ಚೀಲಗಳು ಬೇರೆಬೇರೆ, ಒಂದರ ನೀರು ಇನ್ನೊಂದಕ್ಕೆ ಹರಿಯುವುದಿಲ್ಲ. ಆದರೆ ಒಂದೊಂದು ಚೀಲದಲ್ಲೂ ಪೊರೆ ಒಂದೇ, ಮಡಚಿಕೊಂಡಿದೆ ಅಷ್ಟೇ. ಆದ್ದರಿಂದ ‘ಒಳಪೊರೆ, ಹೊರಪೊರೆ’ ಎಂದರೆ ಎರಡು ಬೇರೆ ಪೊರೆಗಳೆಂದು ಓದುಗ ತಿಳಿದಾನು. ‘ಶ್ವಾಸಕೋಶದ ಮಗ್ಗುಲು, ಗೋಡೆಯ ಮಗ್ಗುಲು’ ಎಂದರೆ ಹೇಗೆ? ನಡುವಿನದಕ್ಕೆ ‘ಕುಹರ’ ಬೇಡ, ಅದು ಗುಹೆಯಷ್ಟು ದೊಡ್ಡದೆನಿಸುತ್ತದೆ. ಹಲ್ಲಿನ ಸಂದು, ಬಾಗಿಲ ಸಂದಿನ ‘ಸಂದು’ ಸಾಕು.

ಈಗ ನನ್ನ ಮುಖ್ಯ ಸೂಚನೆ. ಪ್ಲೂರಾ ಗ್ರೀಕ್ ಮಾತು, ಅಲ್ಲಿ ಅದರ ಅರ್ಥ ಮಗ್ಗುಲು, ಪಕ್ಕೆಲುಬು. ಅಂದರೆ ನಮ್ಮ ‘ಪಕ್ಕೆ’ಯೇ! ಗೋಡೆಯ ಮಗ್ಗುಲಿಗೆ ನೋವಿನ ನರಗಳಿವೆ, ಶ್ವಾಸಕೋಶದ ಮಗ್ಗುಲಿಗೆ ಇಲ್ಲ. ಪೊರೆ ಊದಿಕೊಂಡವರು ಉಸಿರೆಳೆದಾಗಲೆಲ್ಲ ‘ಪಕ್ಕೆ ಹಿಡಿಯುತ್ತೆ’ ಎನ್ನುವುದು ಅದಕ್ಕೇ. ‘ಪಕ್ಕೆಪೊರೆ’ ಎಂದರೆ ಮೂಲದ ಅರ್ಥವೂ ಉಳಿಯುತ್ತದೆ, ರೋಗಿಯ ಮಾತಿಗೂ ತಾಗುತ್ತದೆ. ‘ಪಕ್ಕೆಪೊರೆ ಸಂದಿನ ನೀರು ತೆಗೆಯುವುದು’ ಎಂದು ಬರೆದಿದ್ದರೆ ದೊಡ್ಡಪ್ಪ ಪೆನ್ನು ಕೆಳಗಿಡುತ್ತಿರಲಿಲ್ಲ. ಕೊನೆಗೆ ಅವರನ್ನು ಒಪ್ಪಿಸಿದ್ದು ಡಾಕ್ಟರು ಅದೇ ಪತ್ರದ ಬೆನ್ನಿಗೆ ಗೀಚಿದ ಚಿತ್ರ. ಹಿಂಬದಿಯಲ್ಲಿ ಶ್ವಾಸಕೋಶ ಸುಮಾರು 10ನೇ ಪಕ್ಕೆಲುಬಿಗೆ ಮುಗಿದರೆ ಪೊರೆ 12ರವರೆಗೂ ಇಳಿಯುತ್ತದೆ, ಕೂತವರಲ್ಲಿ ನೀರು ಮೊದಲು ಸೇರುವುದು ಆ ಮೂಲೆಗೆ. ಪಕ್ಕೆಲುಬಿನ ಕೆಳಅಂಚಿನಲ್ಲಿ ನರ, ರಕ್ತನಾಳ ಹಾಯುವುದರಿಂದ ಸೂಜಿ ಮೇಲಂಚನ್ನು ಸವರಿಕೊಂಡು ಹೋಗುತ್ತದೆ.

ಒಂದು ಅಳುಕಿದೆ. ‘ಕಣ್ಣಿಗೆ ಪೊರೆ ಬಂದಿದೆ’ ಎನ್ನುವ ನಾಡಿನಲ್ಲಿ ಪೊರೆಯೇ ಕಾಯಿಲೆ ಎಂದುಕೊಂಡರೆ? ‘ಪಕ್ಕೆಪದರ’ ವಾಸಿಯೇ?

ಜೊತೆಗೆ ಇನ್ನೊಂದು. ಸುಶ್ರುತ ಸಂಹಿತೆ ಫುಪ್ಫುಸ ರಕ್ತದ ನೊರೆಯಿಂದ ಹುಟ್ಟಿತು ಎನ್ನುತ್ತದೆ. ತಮಿಳರ ‘ನುರೈಯೀರಲ್’ನಲ್ಲೂ ನೊರೆ ಇದೆ. ತೆಲುಗರದು ‘ಊಪಿರಿತಿತ್ತಿ’, ಉಸಿರಿನ ತಿತ್ತಿ, ನಮ್ಮ ಕಮ್ಮಾರನ ತಿದಿಯ ನೆಂಟ. ನಮ್ಮಲ್ಲಿ ಶ್ವಾಸಕೋಶಕ್ಕೆ ಬಳಕೆಯಲ್ಲಿರುವ ಹಳ್ಳಿಯ ಹೆಸರೇನು? ನಾವು ಮಾಂಸ ತಿನ್ನದ ಮನೆಯವರು, ಈ ವಿಷಯದಲ್ಲಿ ಸೋತೆ. ಕುರಿ ಕೊಯ್ದು ಪಾಲು ಹಾಕುವ ಕಡೆಯವರು, ಗುಂಡಿಗೆಯ ಅಕ್ಕಪಕ್ಕದ ಆ ಹಗುರ ಮಾಂಸಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ, ಊರಿನ ಹೆಸರಿನೊಂದಿಗೆ ತಿಳಿಸಿ.