14 ವರ್ಷ ಕೊಟ್ಟಿಗೆಯಲ್ಲಿ ನಿಂತ ಪದ್ಮಿನಿ: ತುಕ್ಕಿನ ಕೆಲಸ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮದು ಕುಂದಾಪುರ ತಾಲ್ಲೂಕಿನಲ್ಲಿ ಕಡಲಿಗೆ ಹತ್ತಿರದ ಊರು. ಅಪ್ಪಯ್ಯ 1974ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಮನೆಯ ಹಳೆಯ ಕೊಟ್ಟಿಗೆಯಲ್ಲಿ ಪ್ಲಾಸ್ಟಿಕ್ ಟಾರ್ಪಾಲಿನ ಕೆಳಗೆ 14 ವರ್ಷಗಳಿಂದ ನಿಂತಿದೆ. ಹೊರಗಿನಿಂದ ನೋಡಿದರೆ ಅಷ್ಟೇನೂ ಕೆಟ್ಟಂತೆ ಕಾಣುವುದಿಲ್ಲ. ಬಾಗಿಲುಗಳ ಕೆಳಗಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿದೆ, ಕಾಲಿಡುವ ಜಾಗದ ಮ್ಯಾಟ್ ಒದ್ದೆಯಾಗಿದೆ, ಎಂಜಿನ್ ತಿರುಗುತ್ತಿಲ್ಲ. ಪೇಟೆಯ ಟಿಂಕರಿಂಗ್ ಕೆಲಸದವರೊಬ್ಬರು ಬಂದು ನೋಡಿ, ಎಲ್ಲವನ್ನೂ ಬಿಚ್ಚಿ ತಗಡು ಹಾಕಿ ಬಣ್ಣ ಹೊಡೆದು ಒಂದು ತಿಂಗಳಲ್ಲಿ ಕೊಡುತ್ತೇನೆ ಎಂದಿದ್ದಾರೆ. ನನಗೆ ಅವಸರವಿಲ್ಲ. ಬ್ಯಾಂಕಿನ ಕೆಲಸದ ನಡುವೆ ಸಿಗುವ ಭಾನುವಾರಗಳಲ್ಲಿ, ಎರಡು ಮೂರು ವರ್ಷ ಹಿಡಿದರೂ ಸರಿ, ಆದಷ್ಟನ್ನು ಸ್ವತಃ ಮಾಡಬೇಕೆಂಬ ಆಸೆ ಇದೆ. ಮೊದಲು ಏನನ್ನು ಬಿಚ್ಚಬೇಕು?

ಉತ್ತರ

ಮೊದಲು ಬಿಚ್ಚಬೇಕಾದದ್ದು ಆ ಟಾರ್ಪಾಲನ್ನು ಮಾತ್ರ. ಉಳಿದ ಒಂದು ಬೋಲ್ಟನ್ನೂ ಸದ್ಯಕ್ಕೆ ಮುಟ್ಟಬೇಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಿಮ್ಮ ಊರಿನಲ್ಲಿ ಮಣ್ಣಿನ ನೆಲದಿಂದ ಏಳುವ ಪಸೆ ಪ್ಲಾಸ್ಟಿಕ್ಕಿನ ಒಳಮೈಗೆ ತಾಗಿ, ರಾತ್ರಿ ಹನಿಯಾಗಿ ಕಾರಿನ ಮೇಲೆಯೇ ಇಳಿಯುತ್ತದೆ; ಮಳೆ ನೀರು ತಾಗದಿರಲಿ ಎಂದು ಹೊದಿಸಿದ ಹೊದಿಕೆಯೇ ಕಾರನ್ನು 14 ವರ್ಷ ಒದ್ದೆಯಾಗಿ ಇಟ್ಟಿದೆ. ಅದರ ಬದಲು ಹಳೆಯ ಹತ್ತಿಯ ಬೆಡ್‌ಶೀಟು ಸಾಕು. ಪಕ್ಕದಲ್ಲಿ ಇನ್ನೂ ದನ ಕಟ್ಟುತ್ತಿದ್ದರೆ ಕಾರನ್ನಾಗಲಿ ದನವನ್ನಾಗಲಿ ಬೇರೆಡೆಗೆ ಸಾಗಿಸಿ, ಏಕೆಂದರೆ ಗಂಜಳದಿಂದ ಏಳುವ ಅಮೋನಿಯಾ ರೇಡಿಯೇಟರಿನ ಹಿತ್ತಾಳೆಯನ್ನು ಮೆಲ್ಲಗೆ ಬಿರುಕುಗೊಳಿಸುತ್ತದೆ.

ಎರಡನೆಯ ಕೆಲಸ ಉಪ್ಪನ್ನು ತೊಳೆಯುವುದು. ಕಡಲ ಗಾಳಿಯ ಉಪ್ಪು ತುಕ್ಕಿನ ಸಣ್ಣ ಸಣ್ಣ ಗುಳಿಗಳಲ್ಲಿ ಕುಳಿತು, ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತಿರುತ್ತದೆ, ಆದ್ದರಿಂದ ಅದನ್ನು ಬಿಟ್ಟು ಮೇಲೆ ಯಾವ ದುಬಾರಿ ಬಣ್ಣ ಹೊಡೆದರೂ ವರ್ಷದೊಳಗೆ ಗುಳ್ಳೆ ಏಳುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕಾರನ್ನು ಅಂಗಳಕ್ಕೆ ತಳ್ಳಿಸಿ, ಅಡಿಭಾಗವನ್ನೂ ಮಡ್‌ಗಾರ್ಡುಗಳ ಒಳಮೈಯನ್ನೂ ಬಾವಿಯ ಸಿಹಿನೀರಿನಿಂದ ಧಾರಾಳವಾಗಿ ತೊಳೆದು, ನಾಲ್ಕೂ ಬಾಗಿಲು ತೆರೆದಿಟ್ಟು ಎರಡು ದಿನ ಒಣಗಿಸಿ. ಬಾಗಿಲುಗಳ ಅಡಿಯಂಚಿನಲ್ಲಿ ನೀರು ಸೋರಿ ಹೋಗಲೆಂದೇ ಸಣ್ಣ ತೂತುಗಳಿರುತ್ತವೆ. ಒಂದು ತಂತಿಯನ್ನು ಅದರೊಳಗೆ ತೂರಿಸಿ ನೋಡಿ. ಕೊಟ್ಟಿಗೆಯ ಧೂಳು, ಭತ್ತದ ಹೊಟ್ಟು, ಹಿಂದೆ ಯಾರೋ ಹೊಡೆದ ಎರಡನೆಯ ಬಣ್ಣ ಎಲ್ಲ ಸೇರಿ ಆ ತೂತು ಮುಚ್ಚಿಹೋಗಿರುತ್ತದೆ ಎಂದು ಪಂದ್ಯ ಕಟ್ಟಬಲ್ಲೆ. ನೀವು ಹೇಳಿದ ಗುಳ್ಳೆ ಹೊರಗಿನಿಂದ ಬಂದದ್ದಲ್ಲ, ಆ ನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿಂದು ಹೊರಗೆ ಬಂದದ್ದು.

ಇಷ್ಟಾದ ಮೇಲೆ ಮ್ಯಾಟ್ ಮತ್ತು ಅದರ ಕೆಳಗಿನ ನಾರಿನ ಪದರವನ್ನು ಎತ್ತಿ ಬಿಸಾಡಿ, ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನೆಲದ ತಗಡನ್ನು ಗೇಣು ಗೇಣಿಗೆ ಅದರ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ಹಿಡಿದದ್ದು ಹಳೆಯ ಮರದಂತೆ ಬದ್ದಾಗಿ ಕೇಳಿಸುತ್ತದೆ. ಸದ್ದು ಬದಲಾದ ಕಡೆ ಮೊನೆಯಿಂದ ಒತ್ತಿ. ಒಳಗೆ ಇಳಿದರೆ ಸೀಮೆಸುಣ್ಣದಿಂದ ಗುರುತು ಹಾಕಿ ಫೋಟೊ ತೆಗೆದಿಡಿ. ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಮಲಗುವ ಜಾಗ, ಹಿಂದಿನ ಚಕ್ರದ ಕಮಾನು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ, ನಮ್ಮ ಕಡೆ ರನ್ನಿಂಗ್ ಬೋರ್ಡ್ ಎಂದು ಕರೆಯುವ ಪೆಟ್ಟಿಗೆಯಾಕಾರದ ಭಾಗ, ಇವನ್ನು ಬಿಡದೆ ನೋಡಬೇಕು.

ರನ್ನಿಂಗ್ ಬೋರ್ಡಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ ಎನ್ನುವುದಕ್ಕೆ ಕಾರಣ ಅಲ್ಲಿದೆ. ಜೀಪಿಗೆ ಇರುವಂತೆ ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ. ಅದರ ಬಾಡಿಯೇ ಅದರ ಚಾಸಿ. ಎಂಜಿನ್ನಿನ ಭಾರವನ್ನೂ ಹಿಂದಿನ ಪ್ಲೇಟು ಸ್ಪ್ರಿಂಗಿನ ಒತ್ತಡವನ್ನೂ ನಡುವೆ ಹೊತ್ತು ನಿಲ್ಲುವುದು ನೆಲದ ತಗಡು ಮತ್ತು ಎರಡು ಬದಿಯ ಆ ಪೆಟ್ಟಿಗೆಗಳು. ಸುಮಾರು 25 ವರ್ಷಗಳ ಹಿಂದೆ ನಾನು ಇಂಥದೇ ಒಂದು ಗಾಡಿಯ ಎರಡೂ ಬದಿಯ ಕೊಳೆತ ಭಾಗವನ್ನು ಒಂದೇ ದಿನ ಕತ್ತರಿಸಿ, ಮರುದಿನ ಹೊಸ ತಗಡು ಕೂರಿಸಿ ವೆಲ್ಡ್ ಮಾಡಿ, ಬಾಗಿಲು ಹಾಕಲು ಹೋದಾಗ ಬೀಗ ಕಂಬಕ್ಕೆ ಅರ್ಧ ಇಂಚು ಕೆಳಗೆ ಬಂದು ನಿಂತಿತು. ಗಾಡಿ ನಡುವಿನಲ್ಲಿ ಕುಸಿದಿತ್ತು, ನಾನು ಆ ಕುಸಿತವನ್ನೇ ವೆಲ್ಡ್ ಮಾಡಿ ಭದ್ರಪಡಿಸಿದ್ದೆ. ಆ ಕೆಲಸವನ್ನು ಪೂರ್ತಿ ಬಿಡಿಸಿ ಮತ್ತೆ ಮಾಡಿದ್ದು ನನ್ನದೇ ಖರ್ಚಿನಲ್ಲಿ. ಆದ್ದರಿಂದ ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬಾರದು, ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಆಂಗಲ್ ಕಬ್ಬಿಣ ಕೊಟ್ಟು ಬಿಗಿಯಬೇಕು, ಮತ್ತು ಮುಂದಿನ ಬಾಗಿಲಿಗೂ ನಡುಗಂಬಕ್ಕೂ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ನಡುವಿನ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಗೋಡೆಯ ಮೇಲೆ ಬರೆದಿಡಬೇಕು. ಪ್ರತಿ ಭಾನುವಾರ ಕೆಲಸ ಮುಗಿದ ಮೇಲೆ ಆ ಮೂರು ಅಳತೆಗಳನ್ನು ಮತ್ತೆ ನೋಡಿ. ಬಾಗಿಲು ತೂಗಿಕೊಂಡಿರುವವರೆಗೆ ನಿಮಗೆ ಈ ಅಳತೆ ಸಿಗುತ್ತದೆ, ಎಲ್ಲ ಬಿಚ್ಚಿ ಅಟ್ಟಕ್ಕೆ ಹಾಕಿದರೆ ಸಿಗುವುದಿಲ್ಲ.

ಎಂಜಿನ್ನಿಗೆ ಅವಸರವಿಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ ಕಳಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿ ಬಿಡಿ. ವಾರಕ್ಕೊಮ್ಮೆ ಅದನ್ನೇ ಮಾಡಿ. ತಿಂಗಳ ನಂತರ ನಾಲ್ಕನೆಯ ಗೇರಿಗೆ ಹಾಕಿ ಕಾರನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. 1089 ಸಿಸಿಯ ಆ ಎಂಜಿನ್ ಬಹಳ ಸಹನೆಯದು, ಆದರೆ ಬ್ಯಾಟರಿ ಕೊಟ್ಟು ಸ್ಟಾರ್ಟರಿನಿಂದ ಒತ್ತಾಯಿಸಿದರೆ ಅಂಟಿಕೊಂಡ ಪಿಸ್ಟನ್ ರಿಂಗು ಮುರಿಯುತ್ತದೆ.

ಮರುಪ್ರಶ್ನೆ (ಪ್ರಶ್ನೆ ಕೇಳಿದವರಿಂದಲೇ)

ತುಂಬ ಉಪಕಾರವಾಯಿತು. ಎರಡು ಸಂದೇಹಗಳಿವೆ. ಕಾರನ್ನು ಎತ್ತಿ ನಿಲ್ಲಿಸಲು ಮನೆಯಲ್ಲಿ ಕೆಂಪುಕಲ್ಲುಗಳು ಬೇಕಾದಷ್ಟಿವೆ, ಅವನ್ನು ಒಂದರ ಮೇಲೊಂದು ಇಟ್ಟು ಬಳಸಬಹುದೇ? ತುಕ್ಕು ತೆಗೆದ ಮೇಲೆ ರೆಡ್ ಆಕ್ಸೈಡ್ ಹೊಡೆದರೆ ಸಾಕಾಗುವುದಿಲ್ಲವೇ?

ಉತ್ತರ

ಕೆಂಪುಕಲ್ಲಿನ ವಿಷಯದಲ್ಲಿ ಖಡಾಖಂಡಿತವಾಗಿ ಬೇಡ. ಮನೆಯ ಗೋಡೆಗೆ ಅದು ಎಷ್ಟು ಒಳ್ಳೆಯದೋ ಕಾರಿನ ಕೆಳಗೆ ಅಷ್ಟೇ ಅಪಾಯದ್ದು. ಒಂದೇ ಬಿಂದುವಿನಲ್ಲಿ ಭಾರ ಬಿದ್ದಾಗ ಯಾವ ಸೂಚನೆಯನ್ನೂ ಕೊಡದೆ ಒಡೆದು ಕುಸಿಯುತ್ತದೆ. ಸಿಮೆಂಟ್ ಇಟ್ಟಿಗೆಯೂ ಹಾಗೆಯೇ. ಕಬ್ಬಿಣದ ನಾಲ್ಕು ಸ್ಟ್ಯಾಂಡು ಕೊಳ್ಳಿ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಮಣ್ಣಿನ ನೆಲದಲ್ಲಿ ಅವು ಹೂತುಹೋಗದಂತೆ ಕೆಳಗೆ ದಪ್ಪ ಹಲಗೆ ಹಾಸಿ, ಹಿಂದೆ ಆಕ್ಸಲ್ಲಿನ ಕೆಳಗೂ ಮುಂದೆ ಸಸ್ಪೆನ್ಶನ್ ಹೊತ್ತಿರುವ ಅಡ್ಡಪಟ್ಟಿಯ ಕೆಳಗೂ ಕೂರಿಸಿ. ಕೊಳೆತ ರನ್ನಿಂಗ್ ಬೋರ್ಡಿಗೆ ಜಾಕ್ ಕೊಟ್ಟರೆ ಜಾಕ್ ಮೇಲಕ್ಕೆ ಹೋಗುತ್ತದೆ, ಕಾರು ಹೋಗುವುದಿಲ್ಲ.

ರೆಡ್ ಆಕ್ಸೈಡ್ ಗೇಟಿಗೂ ಕಿಟಕಿಯ ಸರಳಿಗೂ ಸರಿ. ಕಾರಿನ ಅಡಿಯಲ್ಲಿ ಅದೊಂದೇ ಪದರವಿದ್ದರೆ ನೀರಿನ ಪಸೆಯನ್ನು ತಡೆಯುವುದಿಲ್ಲ. ವೈರ್ ಬ್ರಷ್ಷಿನಿಂದ ಸಡಿಲ ತುಕ್ಕನ್ನೆಲ್ಲ ಉಜ್ಜಿ ತೆಗೆದು, ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ನಿವಾರಕ ಹಚ್ಚಿ, ಡಬ್ಬಿಯ ಮೇಲೆ ಹೇಳಿದಂತೆ ಅದನ್ನು ತೊಳೆದು ಪೂರ್ತಿ ಒಣಗಿಸಿ, ಅದೇ ದಿನ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಟ್ಯಾನಿನ್ ಇರುವ ದ್ರಾವಣಗಳೂ ಸಿಗುತ್ತವೆ. ಅವು ತುಕ್ಕನ್ನು ಕಪ್ಪಾಗಿಸಿ ಗಟ್ಟಿ ಮಾಡುತ್ತವೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕರಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಆದರೆ ಇವೆಲ್ಲ ಮೇಲ್ಮೈ ತುಕ್ಕಿಗೆ ಮಾತ್ರ. ಸ್ಕ್ರೂಡ್ರೈವರ್ ಒಳಗಿಳಿದ ಕಡೆ ಯಾವ ಔಷಧಿಯೂ ಇಲ್ಲ, ಅಲ್ಲಿ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಲೇಬೇಕು. ತೂತಿಗೆ ಪುಟ್ಟಿ (ಟಿಂಕರರು ಗುಂಡಿ ತುಂಬಲು ಬಳಸುವ ಲೇಪ) ತುಂಬಿ ಮುಚ್ಚುವುದಂತೂ ಬೇಡವೇ ಬೇಡ. ಪುಟ್ಟಿ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಬಿಡಿಭಾಗಗಳಾದ ಬ್ರಾಕೆಟ್ಟು, ಹಿಂಜು ಮುಂತಾದವಕ್ಕೆ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರು ಮಾಡಿ, ಹಳೆಯ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಭಾಗಕ್ಕೂ ಧನ ತಂತಿಯನ್ನು ಬೇಡವಾದ ಕಬ್ಬಿಣದ ತುಂಡಿಗೂ ಕೊಟ್ಟು, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ತುಕ್ಕು ಕೆಸರಿನಂತೆ ಒರೆಸಿದರೆ ಬರುತ್ತದೆ. ಇದನ್ನು ಬಯಲಿನಲ್ಲಿಯೇ ಮಾಡಿ, ಹೊರಡುವ ಗುಳ್ಳೆ ಹೈಡ್ರೋಜನ್. ಸ್ಟೀಲ್ ತಟ್ಟೆ ಲೋಟ ಬಳಸಬೇಡಿ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಸ್ಪ್ರಿಂಗುಗಳನ್ನು ಈ ನೀರಿಗೆ ಹಾಕಬೇಡಿ, ಅವು ಬಿರುಸಾಗಿ ಮುರಿಯಬಹುದು.

ಇನ್ನೊಬ್ಬ ಸದಸ್ಯರ ಅಭಿಪ್ರಾಯ

ನಾನು ನಿವೃತ್ತ ಟಿಂಕರ್. ಮೇಸ್ತ್ರಿಗಳ ಮಾತಿಗೆ ಒಂದು ಸೇರ್ಪಡೆ. ಈಗಿನವರು ಎಲ್ಲದಕ್ಕೂ ಸಿಒಟು ವೆಲ್ಡಿಂಗ್ (ಕಾರ್ಬನ್ ಡೈಆಕ್ಸೈಡ್ ಹಾಯಿಸಿ ವಿದ್ಯುತ್ತಿನಿಂದ ಮಾಡುವ ಬೆಸುಗೆ) ಎನ್ನುತ್ತಾರೆ. ಪದ್ಮಿನಿಯ ಕಾಲದ ತಗಡಿಗೆ ಗ್ಯಾಸ್ ವೆಲ್ಡಿಂಗೇ ಸರಿ, ಏಕೆಂದರೆ ಅದರ ಬೆಸುಗೆ ಮೆತ್ತಗಿರುತ್ತದೆ ಮತ್ತು ಹಿಂದೆ ಡಾಲಿ (ಆಸರೆಯ ಕಬ್ಬಿಣದ ಗಟ್ಟಿ) ಹಿಡಿದು ಸುತ್ತಿಗೆಯಿಂದ ತಟ್ಟಿ ಸಮ ಮಾಡಬಹುದು. ಸಿಒಟು ಬೆಸುಗೆಯನ್ನು ಉಜ್ಜುವುದಲ್ಲದೆ ಬೇರೇನೂ ಮಾಡಲಾಗುವುದಿಲ್ಲ.

ಉತ್ತರ

ಹಿರಿಯರ ಮಾತು ಮಡ್‌ಗಾರ್ಡು, ಬಾಗಿಲಿನ ಹೊರಮೈ ಇಂಥ ಕಡೆ ಪೂರ್ತಿ ನಿಜ, ಆದರೆ ಅದಕ್ಕೆ ತಮ್ಮಂಥ ಪಳಗಿದ ಕೈ ಬೇಕು. ಭಾನುವಾರ ಮಾತ್ರ ಕೆಲಸ ಮಾಡುವವರು ಗ್ಯಾಸ್ ಹಿಡಿದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ನೆಲ ಮತ್ತು ರನ್ನಿಂಗ್ ಬೋರ್ಡಿನಲ್ಲಿ ಅಂದಕ್ಕಿಂತ ಬಲ ಮುಖ್ಯ; ಅಲ್ಲದೆ ಅಡಿಗೆ ಬಳಿದ ಟಾರು, ಪೆಟ್ರೋಲ್ ಪೈಪು, ವೈರಿಂಗ್ ಎಲ್ಲ ಹತ್ತಿರದಲ್ಲಿಯೇ ಇರುವುದರಿಂದ ಅಲ್ಲಿ ದೊಡ್ಡ ಜ್ವಾಲೆ ಬೇಡವೆಂಬುದು ನನ್ನ ನಿಲುವು. ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇಷ್ಟು: ಕತ್ತರಿಸುವುದು, ರಟ್ಟಿನಲ್ಲಿ ಮಾದರಿ ಮಾಡಿ ತಗಡನ್ನು ರೂಪಿಸುವುದು ನಿಮ್ಮ ಕೆಲಸವಾಗಿರಲಿ. ನೆಲಕ್ಕೆ 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ತಗಡನ್ನೂ ಹೊರಮೈಗೆ 20 ಗೇಜನ್ನೂ ತನ್ನಿ. ಸತು ಲೇಪಿಸಿದ ಜಿಐ ತಗಡು ಬೇಡ, ಅದನ್ನು ವೆಲ್ಡ್ ಮಾಡುವಾಗ ಬರುವ ಹೊಗೆಯಿಂದ ಜ್ವರ ಬರುತ್ತದೆ. ತುಂಡುಗಳೆಲ್ಲ ಹೊಂದಿಕೊಂಡು ಕೂತ ಮೇಲೆ ವೆಲ್ಡರೊಬ್ಬರನ್ನು ಒಂದು ದಿನಕ್ಕೆ ಕರೆಸಿ. ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕನ್ನು ಕಳಚಿ ಮನೆಯಿಂದ ದೂರ ಇಡಬೇಕು. 14 ವರ್ಷ ಖಾಲಿ ಇದ್ದರೂ ಅದರಲ್ಲಿ ಆವಿ ಇದ್ದೀತು, ಆ ಟ್ಯಾಂಕಿಗೆ ಮಾತ್ರ ಯಾವ ಕಾರಣಕ್ಕೂ ಕಿಡಿ ತಾಗಿಸಬೇಡಿ.

ಕಾಲದ ವಿಷಯವನ್ನೂ ಹೇಳಿಬಿಡುತ್ತೇನೆ. ತಗಡು ಮತ್ತು ಬಣ್ಣದ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ತೇವ ಹಿಡಿದು ಬಿಳಿಚಿಕೊಳ್ಳುತ್ತದೆ. ಜೂನಿನಿಂದ ಮುಂದೆ ಮೇಜಿನ ಮೇಲೆ ಮಾಡುವ ಕೆಲಸ ಹಿಡಿಯಿರಿ. ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕು. ವೀಲ್ ಸಿಲಿಂಡರುಗಳನ್ನು ಬಿಚ್ಚಿ ಒಳಮೈಯಲ್ಲಿ ಉಗುರಿಗೆ ಸಿಗುವಷ್ಟು ಗುಳಿ ಇದ್ದರೆ ಬದಲಿಸಿ. ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ, ಆ ಕಾಲದ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುತ್ತಿತ್ತು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವ ದರ್ಜೆಯವಕ್ಕೆ ಬದಲಿಸಲೇಬೇಕು, ಏಕೆಂದರೆ ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದ್ದು ಹಳೆಯ ರಬ್ಬರನ್ನು ಅದು ಮೆತ್ತಗಾಗಿಸುತ್ತದೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ

ಇದನ್ನು ವಿಂಟೇಜ್ ಎಂದು ನೋಂದಾಯಿಸುವುದು ಒಳ್ಳೆಯದಲ್ಲವೇ? ಬಿಡಿಭಾಗ ಈಗಲೂ ಸಿಗುತ್ತದೆಯೇ?

ಉತ್ತರ

2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಬಾಡಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಈಗಾಗಲೇ ನೋಂದಣಿ ಇರುವ ವಾಹನದ ಹಳೆಯ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಆದರೆ ವಿಂಟೇಜ್ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಬಿಟ್ಟು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇವರಿಗೆ ಮನೆಮಂದಿಯನ್ನು ಕೂರಿಸಿಕೊಂಡು ಕೊಲ್ಲೂರಿಗೆ ಹೋಗಿಬರುವ ಆಸೆಯಿದ್ದರೆ, ಐದು ವರ್ಷಕ್ಕೊಮ್ಮೆ ಮಾಡಿಸುವ ಸಾಮಾನ್ಯ ನವೀಕರಣವೇ ಅನುಕೂಲ. ಯಾವುದಾದರೂ ಸರಿ, ಬಾಡಿಯ ಮೇಲೆ ಕೊರೆದ ಚಾಸಿ ಸಂಖ್ಯೆಯ ಸುತ್ತ ಗ್ರೈಂಡರ್ ಆಡಿಸಬೇಡಿ; ಮೊದಲೇ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಡಿ.

ಮುಂಬೈಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಕೊನೆಯ ಪದ್ಮಿನಿಗೂ 2023ರ ಅಕ್ಟೋಬರಿನಲ್ಲಿ 20 ವರ್ಷದ ಮಿತಿ ತುಂಬಿತು. ಇಷ್ಟು ಕಾಲ ಟ್ಯಾಕ್ಸಿಗಳಿಗೆಂದೇ ಭಾಗಗಳು ತಯಾರಾಗುತ್ತಿದ್ದವು, ಇನ್ನು ಮುಂದೆ ಉಳಿದ ದಾಸ್ತಾನೇ ಗತಿ. ಬ್ರೇಕಿನ ರಬ್ಬರು, ಬಾಗಿಲಿನ ಬೀಡಿಂಗ್ ಇಂಥವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಂಡಾಗಲೇ ಕೊಂಡಿಡಿ. ಗಾಜು, ಲಾಂಪಿನ ಬಳೆ, ಹಿಡಿಕೆ ಮುಂತಾದವಕ್ಕೆ ಶಿವಾಜಿನಗರದ ಗುಜರಿಯನ್ನೂ ನೋಡಬಹುದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಟಾರ್ಪಾಲು ತೆಗೆದೆ, ತೊಳೆದು ಒಣಗಿಸಿದೆ. ಬಾಗಿಲಿನ ತೂತು ನೀವು ಹೇಳಿದಂತೆಯೇ ಮುಚ್ಚಿತ್ತು. ತಂತಿ ಹಾಕಿದ ಕೂಡಲೇ ಎಡಬಾಗಿಲಿನಿಂದ ಅರ್ಧ ಚೊಂಬಿನಷ್ಟು ಕೆಂಪು ನೀರು ಇಳಿಯಿತು. ನೆಲದಲ್ಲಿ ಡ್ರೈವರ್ ಕಡೆ ಅಂಗೈಯಗಲ, ಎಡಗಡೆ ಎರಡು ಅಂಗೈಯಗಲ ಸ್ಕ್ರೂಡ್ರೈವರ್ ಇಳಿಯುತ್ತದೆ. ಬಲಗಡೆಯ ರನ್ನಿಂಗ್ ಬೋರ್ಡ್ ಟಣ್ ಎನ್ನುತ್ತಿದೆ, ಎಡಗಡೆಯದು ಹಿಂದಿನ ಚಕ್ರದ ಹತ್ತಿರ ಬದ್ದಾಗಿದೆ. ಸಂದು ಬಲಕ್ಕೆ ಮೂರೂ ಕಡೆ 5 ಮಿಲಿಮೀಟರ್. ಎಡಕ್ಕೆ ಮೇಲೆ 4, ನಡುವೆ 5, ಕೆಳಗೆ 6.

ಉತ್ತರ

ಹಾಗಾದರೆ ಎಡಬದಿ ಸ್ವಲ್ಪ ಇಳಿದಿರಬಹುದು, ಆದರೆ ಆತಂಕಪಡುವಷ್ಟಲ್ಲ. ಮೊದಲು ಬಾಗಿಲಿನ ಹಿಂಜಿನ ಪಿನ್ನು ಸವೆದಿದೆಯೇ ನೋಡಿ: ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಮೇಲಕ್ಕೆ ಎತ್ತಿದಾಗ ಆಡಿದರೆ ಪಿನ್ನು ಬದಲಿಸಿ ಮತ್ತೆ ಅಳೆಯಿರಿ. ಆಮೇಲೂ ವ್ಯತ್ಯಾಸ ಉಳಿದರೆ, ಎಡಗಡೆಯ ನಡುಗಂಬದ ಕೆಳಗೆ ನೆಲದ ತಗಡು ಗಟ್ಟಿಯಿರುವ ಜಾಗಕ್ಕೆ ಹಲಗೆ ಕೊಟ್ಟು, ಜಾಕಿನಿಂದ ಸಂದು ಮೂರೂ ಕಡೆ 5 ಆಗುವವರೆಗೆ ಕೂದಲೆಳೆಯಷ್ಟಷ್ಟೇ ಎತ್ತಿ, ಆ ಸ್ಥಿತಿಯಲ್ಲಿ ಆಂಗಲ್ ಕಬ್ಬಿಣ ಬಿಗಿದು, ಅನಂತರ ಎಡಬದಿಯಿಂದಲೇ ಕತ್ತರಿಸಲು ಆರಂಭಿಸಿ. ಬಲಗಡೆಯ ರನ್ನಿಂಗ್ ಬೋರ್ಡನ್ನು ತೆರೆಯುವುದು ಬೇಡ. ಅದರ ಒಳಗೆ ತೂತಿನ ಮೂಲಕ ಮೇಣ ಬೆರೆತ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಿ ಬಿಟ್ಟುಬಿಡಿ.