ಮೊದಲು ಚೀಟಿ, ಆಮೇಲೆ ಕ್ಲಿನಿಕ್

ನೋಡಮ್ಮ, ನಿನ್ನ ಸಂದೇಶ ಈಗ ಓದಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ನಿನ್ನ ಅತ್ತೆಯ ಮಂಡಿ ಮಡಚುತ್ತಿಲ್ಲ, ಫಿಸಿಯೋಥೆರಪಿ ಆಗಲೇಬೇಕಂತೆ, ನಿನ್ನ ಗಂಡನ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡಿಗೆ ಮಾಡುವವರು ಬೆಂಗಳೂರಿನಲ್ಲಿ ಯಾರಿದ್ದಾರೆ ಎಂದು ಕೇಳಿದ್ದೀಯೆ. ಬೆಳಗಿನಿಂದ ನಮ್ಮ ನೆಂಟರ ಗುಂಪಿನಲ್ಲಿ ಕೈಮುಗಿದ ಚಿತ್ರಗಳೇ ಬರುತ್ತಿವೆ, ಉತ್ತರ ಒಂದೂ ಇಲ್ಲ. ನಿನ್ನ ಅತ್ತೆ, ನಮ್ಮ ಕಡೂರು ಅತ್ತಿಗೆಯ ಹಟ ಎಲ್ಲರಿಗೂ ಗೊತ್ತಿರುವುದೇ. ಅವರು ಬಿದ್ದ ಆ ಹಿತ್ತಲ ಮೆಟ್ಟಿಲಿನ ವಿಷಯ ನಾನು ಮತ್ತೆ ಎತ್ತುವುದಿಲ್ಲ.

ಎಲ್ಲಿ ಚಿಕಿತ್ಸೆ ಪಡೆಯಬೇಕೆಂದು ಇಎಸ್‌ಐ ಡಿಸ್ಪೆನ್ಸರಿಯವರು ಬರೆದುಕೊಟ್ಟ ಚೀಟಿ ಕೈಗೆ ಬರುವವರೆಗೆ ಯಾವ ಖಾಸಗಿ ಕ್ಲಿನಿಕ್ಕಿನಲ್ಲೂ ಒಂದು ರೂಪಾಯಿ ಕಟ್ಟಬೇಡ. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದು ಹೊಲಿದು ನನ್ನ ಬಲಭುಜ ಹಿಡಿದುಕೊಂಡಿತ್ತಲ್ಲ, ಜಡೆ ಹೆಣೆದುಕೊಳ್ಳಲೂ ಆಗುತ್ತಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಒಂದು ಕ್ಲಿನಿಕ್, ಬಾಗಿಲಲ್ಲೇ ‘ಇಎಸ್‌ಐ ಸೌಲಭ್ಯ ಉಂಟು’ ಎಂಬ ಬೋರ್ಡು. ಒಳಗೆ ಕುಳಿತ ಹುಡುಗಿ ಬಾಯಿತುಂಬ ‘ಅಮ್ಮ’ ಎಂದು ಕರೆದು, ಈಗ ನೀವು ಕಟ್ಟಿ, ನಾವು ಬಿಲ್ಲು ಕೊಡುತ್ತೇವೆ, ಇಎಸ್‌ಐನವರು ವಾಪಸ್ ಕೊಡುತ್ತಾರೆ ಎಂದಳು. ಭುಜಕ್ಕೆ ಕರೆಂಟಿನ ಪಟ್ಟಿ ಅಂಟಿಸಿ ಹೋದವಳು ಗಂಟೆ ಬಾರಿಸಿದ ಮೇಲೇ ಬರುತ್ತಿದ್ದುದು. ಬಿಲ್ಲುಗಳನ್ನು ಡಿಸ್ಪೆನ್ಸರಿಗೆ ಒಯ್ದರೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿಗೆ ಕಳುಹಿಸಿದವರು ಯಾರು? ತುರ್ತು ಚಿಕಿತ್ಸೆಯಾದರೆ ಬೇರೆ ಮಾತಂತೆ, ಇದಕ್ಕೆ ಹಣ ಬರುವುದಿಲ್ಲವಂತೆ. ಕ್ಲಿನಿಕ್ಕಿಗೆ ಹೋಗಿ ಜಗಳವಾಡಿದೆ. ‘ಬೋರ್ಡು ಹಳೆಯದು’ ಎಂದರು! ಕೊನೆಗೆ ನನ್ನ ಕೈ ಎದ್ದದ್ದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ, ಗೋಡೆಯ ಮೇಲೆ ಬೆರಳು ಹತ್ತಿಸಿ ಹತ್ತಿಸಿ. ಸಾಲು ಉದ್ದ, ಆದರೆ ಕಾಸು ಕೇಳಲಿಲ್ಲ.

ಕೇಳಲೂಬಾರದು. ಪ್ರತಿ ತಿಂಗಳು ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ನಮ್ಮಿಂದ ಮುರಿಯುತ್ತಾರೆ, ಕಂಪನಿ ಮೂರೂಕಾಲು ಹಾಕುತ್ತದೆ. ನಿವೃತ್ತಿಯಾದ ಮೇಲೂ ನಾನು ವರ್ಷಕ್ಕೆ 120 ರೂಪಾಯಿ ಕಟ್ಟಿ ನಮ್ಮ ಗಂಡಹೆಂಡಿರಿಬ್ಬರ ಚಿಕಿತ್ಸೆಯ ಹಕ್ಕು ಉಳಿಸಿಕೊಂಡಿದ್ದೇನೆ. ಇದನ್ನು ಹೇಳಿದಾಗಲೆಲ್ಲ ‘ಬಡವರ ಆಸ್ಪತ್ರೆ’ ಎಂದು ಮೂಗು ಮುರಿದವರು ಇದೇ ಗುಂಪಿನಲ್ಲಿದ್ದಾರೆ. ಆ ಭುಜ ಇಟ್ಟುಕೊಂಡೇ ಪೀಣ್ಯದ ಭಾವನ ಗೃಹಪ್ರವೇಶಕ್ಕೆ ಹೋಳಿಗೆ ತಟ್ಟಿದೆ. ಕಣಕ ಗಟ್ಟಿಯಾಯಿತು ಎಂದವರಿದ್ದರು. ಕೈ ಹೇಗಿದೆ ಎಂದವರಿಲ್ಲ. ಆಸ್ಪತ್ರೆಗೆ ಜೊತೆಗೆ ಬಾ ಎಂದರೆ ಎಲ್ಲರಿಗೂ ಅಂದೇ ಮೀಟಿಂಗು. ಈಗ ಅತ್ತಿಗೆ ಬಿದ್ದಾಗ ಮಾತ್ರ ಈ ದೊಡ್ಡಮ್ಮನ ನೆನಪು. ಇರಲಿ ಬಿಡಿ, ಹೇಳಿದರೆ ಮತ್ತೆ ನಾನೇ ಕೆಟ್ಟವಳು.

ಅಯ್ಯೋ, ನೀನು ಕೇಳಿದ್ದನ್ನೇ ಹೇಳಲಿಲ್ಲ. ಮೊದಲು ನಿನ್ನ ಗಂಡನ ಪೆಹಚಾನ್ ಕಾರ್ಡಿನಲ್ಲಿ, ಅದೇ ಇಎಸ್‌ಐ ಗುರುತಿನ ಚೀಟಿಯಲ್ಲಿ, ಅತ್ತೆಯ ಹೆಸರು ಇದೆಯೇ ನೋಡು. ಇಲ್ಲದಿದ್ದರೆ ಕಾರ್ಖಾನೆಯ ಕಚೇರಿಯಲ್ಲಿ ಸೇರಿಸಲು ಹೇಳಲಿ. ತಂದೆ ತಾಯಿಗೆ ಎಲ್ಲ ಕಡೆಯಿಂದ ಸೇರಿ ತಿಂಗಳಿಗೆ 9,000 ರೂಪಾಯಿಗಿಂತ ಹೆಚ್ಚು ಆದಾಯ ಇರಬಾರದು. ಆಮೇಲೆ ಕಾರ್ಡು, ಆಧಾರ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ ಹಿಡಿದು ನಿಮ್ಮ ಡಿಸ್ಪೆನ್ಸರಿಗೆ ಹೋಗಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯೋ ಇಂದಿರಾನಗರದ್ದೋ, ಎಲ್ಲಿಗೆ ಹೋಗಬೇಕೆಂದು ಅವರೇ ಬರೆದುಕೊಡುತ್ತಾರೆ. ಆಯುಷ್ಮಾನ್ ಕಾರ್ಡು ಇದೆ ಎಂದು ನಿನ್ನ ಮೈದುನ ಬರೆದಿದ್ದಾನೆ; ಅದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ, ದಿನಾ ಹೋಗಿ ಕಾಲು ಮಡಚಿಸಿಕೊಂಡು ಬರುವುದಕ್ಕಲ್ಲ. ಇಎಸ್‌ಐ ದಾರಿ ಆಗಲಿಲ್ಲವೆಂದರೆ ಜಯನಗರದಲ್ಲಿ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಇದೆ, ಸರ್ಕಾರದ್ದೇ. ಎಲ್ಲಿಗೇ ಹೋದರೂ ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮಗಳನ್ನು ಬರೆಸಿಕೊಂಡು ಬಾ, ಆಟೋ ಖರ್ಚು ಉಳಿಯುತ್ತದೆ.

ಮತ್ತೆ ಹೇಳುತ್ತಿದ್ದೇನೆ, ಚೀಟಿ ಇಲ್ಲದೆ ದುಡ್ಡು ಕಟ್ಟಬೇಡ, ಬೋರ್ಡಿನಲ್ಲಿ ಏನೇ ಬರೆದಿರಲಿ. ಸೋಮವಾರ ಡಿಸ್ಪೆನ್ಸರಿಯಲ್ಲಿ ಜನ ಜಾಸ್ತಿ, ಮಂಗಳವಾರ ಹೋಗು. ಎಕ್ಸ್‌ರೇ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಬೇಡ.