ಪದ ಬೇಕು: ಪಾಹೊಎಹೊಎ, ಅʼಆ

ಎಲ್ಲರಿಗೂ ನಮಸ್ಕಾರ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು. ಎರಡು ಬಗೆಯ ಲಾವಾಗೆ ಎಲ್ಲ ಕಡೆ ಹವಾಯಿ ಭಾಷೆಯ ಹೆಸರುಗಳೇ ಇವೆ. ಮೈ ನುಣುಪಾಗಿ, ಕೆಲವೆಡೆ ಹಗ್ಗ ಸುತ್ತಿಟ್ಟಂತೆ ಮಡಿಕೆ ಬೀಳುವುದು ಪಾಹೊಎಹೊಎ. ಚೂಪು ಚೂಪಾದ ಕಲ್ಲುಚೂರುಗಳ ರಾಶಿಯಂತಿರುವುದು ಅʼಆ. ಕನ್ನಡದಲ್ಲಿ ಏನನ್ನೋಣ?

*

ಹುರಿಗಲ್ಲು, ಮೊರಡುಗಲ್ಲು. ಮುಗಿಯಿತು. ಬೋರ್ಡಿನಲ್ಲಿ ಅʼಆ ಅಂತ ಬರೆದರೆ ಮಕ್ಕಳು ಅಕ್ಷರಮಾಲೆ ಅಂದುಕೊಳ್ಳುತ್ತಾರೆ. ಮನೆಯಲ್ಲಿ ಇರುವುದನ್ನು ಬಿಟ್ಟು ಸಾಲ ತರುವ ಚಟ ಯಾವಾಗ ಹೋಗುತ್ತದೋ.

*

ಮುಗಿಯಲಿಲ್ಲ ಸರ್. ಇನ್ನೂ ಹರಿಯುತ್ತಿರುವಾಗಲೂ ಅದಕ್ಕೆ ಇವೇ ಹೆಸರು, ಆಗ ಅದು ಕಲ್ಲಲ್ಲ. ಹುರಿ ಅಂದರೆ ಹಗ್ಗದ ಹುರಿ ಅಂತ ನಿಮಗೆ ಗೊತ್ತು, ಓದುವ ಹುಡುಗ ಕಡಲೆ ಹುರಿದ ಹಾಗೆ ಹುರಿದ ಕಲ್ಲು ಅಂದುಕೊಂಡರೆ? ಮಡಿಕೆಯೇ ಇಲ್ಲದ ಪಾಹೊಎಹೊಎ ಕೂಡ ಬೇಕಾದಷ್ಟಿದೆ.

ಇನ್ನು ಮೂಲ. ಬರಿಗಾಲಲ್ಲಿ ತುಳಿದವರು "ಆ ಆ" ಅಂತ ಕಿರುಚಿದ್ದಕ್ಕೆ ಆ ಹೆಸರು ಬಂತು ಅನ್ನುವುದು ಪ್ರವಾಸಿಗರಿಗೆ ಹೇಳುವ ತಮಾಷೆ, ದಯವಿಟ್ಟು ಫಲಕಕ್ಕೆ ಹಾಕಬೇಡಿ. ಆ ಭಾಷೆಯಲ್ಲಿ ʼಆ ಅಂದರೆ ಉರಿ, ಅದನ್ನೇ ಎರಡು ಸಲ ಹೇಳಿದರೆ ಅʼಆ, ನಮ್ಮ ಧಗಧಗ ಇದ್ದ ಹಾಗೆ. ನಡುವಿನ ಗುರುತು ಸುಮ್ನೆ ಅಲಂಕಾರಕ್ಕಲ್ಲ, ಗಂಟಲಲ್ಲಿ ಉಸಿರು ತಡೆದು ಬಿಡುವ ವ್ಯಂಜನ ಅದು. ಹೊಎ ಅಂದರೆ ದೋಣಿಯ ಹುಟ್ಟು. ಹುಟ್ಟು ಹಾಕಿದಾಗ ನೀರಲ್ಲಿ ಏಳುವ ಸುಳಿಗೂ ಲಾವಾದ ಮಡಿಕೆಗೂ ನಂಟು ಹೇಳುವವರಿದ್ದಾರೆ, ನನಗಂತೂ ಅದು ಬಹಳ ಇಷ್ಟ. 1880ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಡಟನ್ ಈ ಎರಡನ್ನೂ ಭೂವಿಜ್ಞಾನಕ್ಕೆ ತಂದರು. ದಖನ್ನಿನ ಕರಿಕಲ್ಲಿನ ಬಗ್ಗೆ ಬರೆಯುವವರೂ ಇವನ್ನೇ ಬಳಸುತ್ತಾರೆ. ಬೆಳಗಾವಿ, ಬೀದರ್ ಕಡೆ ಕಾಲಡಿ ಇರುವುದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾನೇ ಅಲ್ವಾ?

ಸಾಲದ ಮಾತೆತ್ತಿದಿರಿ. ಲಾವಾ ಯಾವ ಊರಿನದು ಸರ್? ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ ಪಕ್ಕದ ನೇಪಲ್ಸ್ ಕಡೆಯದು. ಇಟಲಿಯವಳು ಮನೆಮಗಳು, ಹವಾಯಿಯವಳು ಮಾತ್ರ ಹೊರಗಿನವಳೋ?

ಮೇಡಂ, ದಪ್ಪಕ್ಷರದಲ್ಲಿ ಪಾಹೊಎಹೊಎ, ಕೆಳಗೆ ಸಣ್ಣದಾಗಿ ನುಣುಪು ಲಾವಾ. ಅʼಆ, ಕೆಳಗೆ ಒರಟು ಲಾವಾ. ಹೀಗೆ ಹಾಕಿ, ಪ್ರಿಂಟಿಗೆ ಕೊಟ್ಟುಬಿಡಿ.

*

ಹಾಗಾದರೆ ಲಾವಾನೂ ಬೇಡ. ಕಲ್ಲುರಸ ಅನ್ನಿ.